ಕೆಚ್ಚಲಿಲ್ಲದ ಹಾಲು



ಈ ದತ್ತಿ ಉಪನ್ಯಾಸದ ಕರಾರುಪತ್ರವನ್ನು ಕಾರ್ಯದರ್ಶಿಗಳು ಒಂದು ತಿಂಗಳ ಮೊದಲೇ ನನಗೆ ಕಳಿಸಿದ್ದರು. ಜೀವಲೋಕದ ಒಂದು ವಿಷಯ ಇರಬೇಕು, ತಿಳಿಗನ್ನಡದಲ್ಲಿ ಇರಬೇಕು, ಒಂದು ಗಂಟೆ ಮೀರಬಾರದು. ಬರೆದ ಷರತ್ತು ಮೂರೇ. ನಾಲ್ಕನೆಯದನ್ನು ಫೋನಿನಲ್ಲಿ ಹೇಳಿದರು: "ಸಾರ್, ಉಪನ್ಯಾಸ ಆದ ಮೇಲೆ ಊಟ ಇದೆ, ವಿಷಯ ಸ್ವಲ್ಪ ನೋಡಿಕೊಳ್ಳಿ." ನೋಡಿಕೊಂಡೆ. ಆದರೂ ಜಿರಳೆಯೇ ಬಂತು. ಕಾರಣ ಹೇಳುತ್ತೇನೆ, ಆಮೇಲೆ ನೀವೇ ಕ್ಷಮಿಸಿ.

2016ರ ಜುಲೈ ಕೊನೆ. ಸಾಗರದ ಹತ್ತಿರ ನಮ್ಮೂರಿನ ಹಾಲಿನ ಸೊಸೈಟಿಗೆ ಬೆಳಿಗ್ಗೆ ಕ್ಯಾನು ಹಿಡಿದು ಹೋಗಿದ್ದೆ. ಮಳೆ ಜೋರಾಗಿತ್ತು, ಸಾಲು ಉದ್ದವಿತ್ತು. ಸೊಸೈಟಿ ಕಾರ್ಯದರ್ಶಿ ಮೊಬೈಲು ಎತ್ತಿ ತೋರಿಸಿ, "ಮೇಷ್ಟ್ರೇ, ಇದು ಹೌದಾ?" ಎಂದ. ಜಿರಳೆಯ ಹಾಲಿನಲ್ಲಿ ಎಮ್ಮೆ ಹಾಲಿನ ಮೂರು ಪಟ್ಟು ಶಕ್ತಿ ಇದೆಯಂತೆ, ಕಂಡುಹಿಡಿದವರು ಬೆಂಗಳೂರಿನವರಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಎರಡು ಎಮ್ಮೆ ಸಾಕಿದ ಒಬ್ಬ ಅಮ್ಮ ಮಾತ್ರ ನಗಲಿಲ್ಲ. "ಕರೆಯೋದು ಎಲ್ಲಿಂದ?" ಎಂದು ಕೇಳಿದರು. ಮೂವತ್ತು ವರ್ಷ ಪ್ರಾಣಿಶಾಸ್ತ್ರದ ಪಾಠ ಹೇಳಿದ್ದೇನೆ, ಇಷ್ಟು ನೇರವಾದ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ನನ್ನ ಸರದಿ ಬಂತು, ಹಾಲು ಅಳೆಸಿಕೊಂಡು ಹೊರಟೆ. ಉತ್ತರ ಬಾಕಿ ಉಳಿಯಿತು.

ಆ ವಾರ ಪತ್ರಿಕೆಗಳೆಲ್ಲ ಕೇಳಿದ್ದು ಒಂದೇ: ಈ ಹಾಲನ್ನು ನಾವು ಕುಡಿಯಬಹುದೇ? ಅದನ್ನು ಲಕ್ಷಾಂತರ ವರ್ಷಗಳಿಂದ ಕುಡಿಯುತ್ತಿರುವವರು ಯಾರು, ಅವರಿಗೆ ಅಷ್ಟು ಗಟ್ಟಿ ಹಾಲು ಯಾಕೆ ಬೇಕಾಯಿತು, ಅದನ್ನು ಕೊಡಲು ತಾಯಿ ಏನನ್ನು ಬಿಟ್ಟುಕೊಟ್ಟಳು ಎಂದು ಕೇಳಿದ್ದನ್ನು ನಾನು ಕಾಣೆ. ನನಗೆ ಸಿಕ್ಕ ಒಂದು ಗಂಟೆಯನ್ನು ಈ ಎರಡನೆಯ ಪ್ರಶ್ನೆಗಳಿಗೆ ಕೊಡುತ್ತೇನೆ.

ಮೊದಲು ಪ್ರಾಣಿಯ ಪರಿಚಯ. ಹೆಸರು ಡಿಪ್ಲಾಪ್ಟೆರಾ ಪಂಕ್ಟೇಟ. ನಮ್ಮ ಬಚ್ಚಲಲ್ಲಿ ಓಡುವ ಜಿರಳೆ ಇದಲ್ಲ. ಜಗತ್ತಿನಲ್ಲಿ ನಾಲ್ಕೂವರೆ ಸಾವಿರಕ್ಕಿಂತ ಹೆಚ್ಚು ಬಗೆಯ ಜಿರಳೆಗಳಿವೆ. ಮನುಷ್ಯರ ಮನೆ ಹೊಕ್ಕು ಕಾಟ ಕೊಡುವವು ಸುಮಾರು ಮೂವತ್ತು. ಉಳಿದವುಗಳಿಗೆ ನಾವು ಬೇಕಾಗಿಯೇ ಇಲ್ಲ. ಅವು ಕಾಡಿನ ತರಗೆಲೆಯಲ್ಲಿ, ತೊಗಟೆಯ ಸಂದಿನಲ್ಲಿ, ಕೊಳೆತ ಮರದಲ್ಲಿ ತಮ್ಮಷ್ಟಕ್ಕೆ ಬದುಕುತ್ತವೆ. ಮೂವತ್ತು ಜನ ಮಾಡಿದ ತಪ್ಪಿಗೆ ಇಡೀ ಕುಲಕ್ಕೇ ಚಪ್ಪಲಿ ಏಟು! ಗೆದ್ದಲನ್ನೂ ಈಗ ಜಿರಳೆಗಳ ವಂಶವೃಕ್ಷದ ಒಂದು ಕೊಂಬೆ ಎಂದೇ ಎಣಿಸುತ್ತಾರೆ. ಹಾಗಾಗಿ ಹುತ್ತಕ್ಕೆ ಹಾಲೆರೆಯುವ ನಾವು ಜಿರಳೆಯ ಕುಲಕ್ಕೆ ಪೂರಾ ಹೊರಗಿನವರೇನಲ್ಲ. ಇದನ್ನು ತಮಾಷೆಗೆ ಹೇಳಿದೆ, ಮುದ್ರಿಸುವಾಗ ಬೇಕಾದರೆ ತೆಗೆಯಿರಿ.

ಡಿಪ್ಲಾಪ್ಟೆರಾ ಹೆಚ್ಚೆಂದರೆ ಎರಡು ಸೆಂಟಿಮೀಟರಿನ ಆಸುಪಾಸು. ಗಂಡು ಇನ್ನೂ ಚಿಕ್ಕದು. ಪೆಸಿಫಿಕ್ ಸಾಗರದ ಫಿಜಿಯಂಥ ದ್ವೀಪಗಳು, ಆಸ್ಟ್ರೇಲಿಯಾ, ಭಾರತವೂ ಸೇರಿದಂತೆ ಏಷ್ಯಾದ ಬಿಸಿನಾಡುಗಳು ಅದರ ಸೀಮೆ. ಹವಾಯಿಗೆ ಅದು ಹೊರಗಿನಿಂದ ಹೋಗಿ ನೆಲೆಸಿದ್ದು. ಮುಂದಿನ ರೆಕ್ಕೆಗಳು ಗಟ್ಟಿಯಾಗಿ ಉಬ್ಬಿಕೊಂಡು, ಸಣ್ಣ ಸಣ್ಣ ಚುಕ್ಕೆಗುಳಿಗಳಿಂದ ತುಂಬಿ, ಬೆನ್ನಿಗೆ ಓಡು ಹೊದಿಸಿದಂತೆ ಕಾಣುತ್ತವೆ. ಅದರ ಕೆಳಗೆ ಹಿಂದಿನ ರೆಕ್ಕೆ ಅಡ್ಡಕ್ಕೆ ಮಡಿಸಿಕೊಂಡಿರುತ್ತದೆ. ನೋಡಿದವರು ಓಡುಳ್ಳ ದುಂಬಿ ಎನ್ನುತ್ತಾರೆಯೇ ಹೊರತು ಜಿರಳೆ ಎನ್ನುವುದಿಲ್ಲ. ಇಂಗ್ಲಿಷಿನವರೂ ಅದನ್ನು ಪೆಸಿಫಿಕ್‌ನ ದುಂಬಿಜಿರಳೆ ಎಂದೇ ಕರೆದರು. ಒಂದು ಕಾಲಕ್ಕೆ ಅದಕ್ಕಿದ್ದ ಇನ್ನೊಂದು ಶಾಸ್ತ್ರೀಯ ಹೆಸರು ಡಿಪ್ಲಾಪ್ಟೆರಾ ಡೈಟಿಸ್ಕಾಯ್ಡಿಸ್. ಡೈಟಿಸ್ಕಸ್ ಎಂದರೆ ಕೆರೆಯಲ್ಲಿ ಮುಳುಗೀಜುವ ದುಂಬಿ, ಅದರಂತೆ ಇರುವುದು ಎಂದು ಅರ್ಥ.

ಜಿರಳೆಯನ್ನು ದುಂಬಿ ಎಂದು ಎಣಿಸಿ ಮೋಸಹೋದವರು ದೊಡ್ಡವರೇ ಇದ್ದಾರೆ. ನಮ್ಮ ದಕ್ಷಿಣ ಭಾರತದ ಕುರುಚಲು ಕಾಡಿನ ತರಗೆಲೆಯಲ್ಲಿ ಕಪ್ಪು ಮೈಮೇಲೆ ಏಳು ಬಿಳಿ ಬೊಟ್ಟು ಇಟ್ಟುಕೊಂಡ ಒಂದು ಚಂದದ ಜಿರಳೆ ಇದೆ, ತೀರಿಯಾ ಪೆಟಿವೆರಿಯಾನ. ಅದಕ್ಕೆ 1758ರಲ್ಲಿ ಹೆಸರಿಟ್ಟವನು ಜೀವಿಗಳಿಗೆಲ್ಲ ಹೆಸರಿಡುವ ಪದ್ಧತಿಯನ್ನೇ ಹಾಕಿಕೊಟ್ಟ ಲಿನೇಯಸ್. ಅವನು ಅದನ್ನು ಸೇರಿಸಿದ್ದು ಆಮೆಯ ಚಿಪ್ಪಿನಂಥ ಮೈಯ ಕ್ಯಾಸಿಡಾ ದುಂಬಿಗಳ ಗುಂಪಿಗೆ. ಪರೀಕ್ಷೆಯಲ್ಲಿ ತಪ್ಪು ಬರೆದ ವಿದ್ಯಾರ್ಥಿಗಳಿಗೆ ನಾನು ಈ ಕಥೆ ಹೇಳಿ ಸಮಾಧಾನ ಮಾಡುತ್ತಿದ್ದೆ, ಅಂಕ ಮಾತ್ರ ಕೊಡುತ್ತಿರಲಿಲ್ಲ.

ಡಿಪ್ಲಾಪ್ಟೆರಾವನ್ನು 1822ರಲ್ಲಿ ಮೊದಲು ವರ್ಣಿಸಿದವರು ಎಶ್‌ಶೋಲ್ಟ್ಸ್. ರುರಿಕ್ ಎಂಬ ರಷ್ಯನ್ ಹಡಗಿನಲ್ಲಿ 1815ರಿಂದ 1818ರವರೆಗೆ ಭೂಮಿ ಸುತ್ತಿಬಂದ ವೈದ್ಯ. ಕ್ಯಾಲಿಫೋರ್ನಿಯಾದ ಕಿತ್ತಳೆಬಣ್ಣದ ಪಾಪಿ ಹೂವಿನ ಶಾಸ್ತ್ರೀಯ ಹೆಸರಿನಲ್ಲಿ ಇವರ ಹೆಸರು ಉಳಿದಿದೆ. ಹೂವಿನ ಜೊತೆಗಿನ ಸಂಬಂಧ ಎಲ್ಲರಿಗೂ ಗೊತ್ತು, ಜಿರಳೆಯ ಜೊತೆಗಿನದು ಕೀಟಶಾಸ್ತ್ರದವರಿಗಷ್ಟೇ.

ಹಾಲಿಗೆ ಬರುವ ಮೊದಲು ಇನ್ನೊಂದು ವಿಷಯ. ಇಷ್ಟು ಚಿಕ್ಕ ಪ್ರಾಣಿ ಎರಡು ತಿಂಗಳು ಬಸಿರು ಹೊತ್ತು ಇರುವೆ, ಜೇಡಗಳ ನಡುವೆ ಓಡಾಡಬೇಕು. ಹಾಗಾಗಿ ಅದು ಆಯುಧ ಇಟ್ಟುಕೊಂಡಿದೆ. ಕೀಟಗಳು ಮೂಗಿನಲ್ಲಿ ಉಸಿರಾಡುವುದಿಲ್ಲ, ಮೈಯ ಎರಡು ಪಕ್ಕೆಯಲ್ಲಿರುವ ರಂಧ್ರಗಳಲ್ಲಿ ಉಸಿರಾಡುತ್ತವೆ. ಡಿಪ್ಲಾಪ್ಟೆರಾದ ಹೊಟ್ಟೆಯ ಎರಡನೆಯ ರಂಧ್ರಕ್ಕೆ ಸೇರಿದ ಉಸಿರುನಾಳ ಮಾರ್ಪಟ್ಟು ಒಂದು ಗ್ರಂಥಿಯಾಗಿದೆ, ಎಡಕ್ಕೊಂದು, ಬಲಕ್ಕೊಂದು. ಅದರೊಳಗೆ ಕ್ವಿನೋನುಗಳೆಂಬ ಉರಿ ರಾಸಾಯನಿಕ. ಕೀಟಗಳ ರಸಾಯನಯುದ್ಧವನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಥಾಮಸ್ ಐಸ್ನರ್ 1958ರಲ್ಲಿ ತೋರಿಸಿದ ಹಾಗೆ, ಚಿಮುಟದಿಂದ ಎಡಗಾಲು ಹಿಡಿದರೆ ಎಡಗಡೆಯ ಗ್ರಂಥಿ ಮಾತ್ರ ಚಿಮ್ಮುತ್ತದೆ, ಬಲಗಡೆಯದು ಮುಂದಿನ ಹೊತ್ತಿಗೆಂದು ಉಳಿದಿರುತ್ತದೆ. ಇರುವೆಗಳು ಹಿಮ್ಮೆಟ್ಟುತ್ತವೆ. ಈ ಕ್ವಿನೋನು ನಿಮಗೆ ಅಪರಿಚಿತವೇನಲ್ಲ. ಮದರಂಗಿ ಎಲೆಯಲ್ಲಿ ಕೈಗೆ ಕೆಂಪು ಹತ್ತಿಸುವ ವಸ್ತುವೂ ಅದೇ ಕುಟುಂಬದ್ದು. ಉಸಿರಾಡುವ ದಾರಿಯಲ್ಲೇ ವಿಷದ ಚೀಲ ಇಟ್ಟುಕೊಂಡು ತಾನು ಉಸಿರುಗಟ್ಟದೆ ಇರುವ ಈ ಉಪಾಯವನ್ನೇ ವಿಷಯ ಮಾಡಿಕೊಂಡು ಇನ್ನೊಂದು ದತ್ತಿ ಉಪನ್ಯಾಸ ಕೊಡಬಹುದು.

ಈಗ ಬಸಿರಿನ ಮಾತು. ನಮ್ಮ ಮನೆಗಳಲ್ಲಿ ಕಪಾಟಿನ ಮೂಲೆಯನ್ನೋ ಹಳೆಯ ಪುಸ್ತಕದ ಬೆನ್ನನ್ನೋ ಒರೆಸುವಾಗ ಹುರುಳಿ ಕಾಳಿಗಿಂತ ತುಸು ದೊಡ್ಡದಾದ, ಕಾಫಿಬಣ್ಣದ ಪುಟ್ಟ ಪರ್ಸಿನಂಥದ್ದು ಸಿಗುತ್ತದಲ್ಲ, ಅದು ಜಿರಳೆಯ ಮೊಟ್ಟೆಡಬ್ಬಿ. ದೊಡ್ಡ ಕೆಂಪು ಜಿರಳೆ ಒಂದು ಡಬ್ಬಿಯಲ್ಲಿ ಹದಿನೈದು ಹದಿನಾರು ಮೊಟ್ಟೆಗಳನ್ನು ಎರಡು ಸಾಲಾಗಿ ಜೋಡಿಸಿ, ಎಲ್ಲಾದರೂ ಅಂಟಿಸಿ, ಹೊರಟುಹೋಗುತ್ತದೆ. ಅದರ ತಾಯ್ತನ ಅಲ್ಲಿಗೆ ಮುಗಿಯಿತು, ಮುಂದಿನ ಡಬ್ಬಿಯ ಕೆಲಸ ಶುರು. ಅಡುಗೆಮನೆಯ ಸಣ್ಣ ಜರ್ಮನ್ ಜಿರಳೆಯ ಡಬ್ಬಿಯಲ್ಲಿ ಮೂವತ್ತರಿಂದ ನಲವತ್ತು ಮೊಟ್ಟೆ. ಆಕೆ ಮರಿ ಒಡೆಯುವ ಹೊತ್ತಿನವರೆಗೆ ಅದನ್ನು ಬಾಲದ ತುದಿಯಲ್ಲಿ ಕಚ್ಚಿಕೊಂಡೇ ತಿರುಗುತ್ತಾಳೆ. ಇನ್ನು ಕೆಲವು ಕಾಡುಜಿರಳೆಗಳು ಹೊರಗೆ ಬಂದ ಡಬ್ಬಿಯನ್ನು ಮತ್ತೆ ಹೊಟ್ಟೆಯೊಳಕ್ಕೆ ಎಳೆದುಕೊಂಡು, ಅಲ್ಲಿರುವ ಒಂದು ಚೀಲದಲ್ಲಿ ಇಟ್ಟುಕೊಳ್ಳುತ್ತವೆ. ಮರಿಚೀಲ ಎನ್ನೋಣ. ಅದು ಕಾವಲು ಮಾತ್ರ. ತಾಯಿಯಿಂದ ನೀರು ಸಿಗುತ್ತದೆ, ಊಟ ಸಿಗುವುದಿಲ್ಲ. ಮೊಟ್ಟೆಯೊಳಗೆ ಕಟ್ಟಿಕೊಟ್ಟ ಬುತ್ತಿಯಷ್ಟನ್ನೇ ತಿಂದು ಮರಿ ಬೆಳೆಯಬೇಕು.

ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋದದ್ದು ಡಿಪ್ಲಾಪ್ಟೆರಾ. ಡಬ್ಬಿ ಎಂಬುದು ಇಲ್ಲಿ ಹೆಸರಿಗೆ ಮಾತ್ರ. ಮೊಟ್ಟೆಗಳನ್ನು ಪೂರ್ತಿ ಮುಚ್ಚದ ತೆಳು ಪೊರೆ ಅದು. ಮೊಟ್ಟೆಗಳೂ ಸಣ್ಣವು, ಒಳಗೆ ಬುತ್ತಿ ತೀರಾ ಕಡಿಮೆ. ಒಂದು ಬಸಿರಿಗೆ ಸುಮಾರು ಹನ್ನೆರಡು. ಬಸಿರಿನ ಐದರಲ್ಲಿ ಒಂದು ಭಾಗ ಕಳೆಯುವ ಹೊತ್ತಿಗೆ ಭ್ರೂಣದ ಬೆನ್ನು ಮುಚ್ಚಿ, ಬಾಯಿ ಗಂಟಲು ಮೂಡಿ, ಅದು ಕುಡಿಯಲು ಶುರುಮಾಡುತ್ತದೆ. ಮರಿಚೀಲದ ಒಳಗೋಡೆಯಿಡೀ ಹಾಲು ಸುರಿಸುವ ಗ್ರಂಥಿ. ಮರಿಗಳು ಆ ಹಾಲಿನಲ್ಲಿ ಮುಳುಗಿ ಕೂತಿರುತ್ತವೆ. ನಮ್ಮೂರಿನ ಅಮ್ಮ ಕೇಳಿದ ಪ್ರಶ್ನೆಗೆ ಇದೇ ಉತ್ತರ: ಕೆಚ್ಚಲೂ ಇಲ್ಲ, ಮೊಲೆಯೂ ಇಲ್ಲ, ಬಸಿರೇ ಕೆಚ್ಚಲು. ಆಕಳು ಈದ ಮೇಲೆ ಹಾಲು ಕೊಡುತ್ತದೆ. ಇದು ಗಬ್ಬದಲ್ಲಿರುವಾಗ ಕೊಟ್ಟು, ಈಯುವ ಹೊತ್ತಿಗೆ ಬತ್ತಿಸಿಕೊಳ್ಳುತ್ತದೆ.

ಇದನ್ನು ಮೊದಲು ಅನುಮಾನಿಸಿದವರು ಹೆರಾಲ್ಡ್ ಹೇಗನ್. ಹೆರುವ ಕೀಟಗಳ ಭ್ರೂಣಶಾಸ್ತ್ರದ ಮೇಲೆ ಇಡೀ ಪುಸ್ತಕ ಬರೆದವರು ಅವರು. 1941ರಲ್ಲಿ ಈ ಜಿರಳೆಯ ಗರ್ಭಾಂಗಗಳ ರಚನೆಯನ್ನು ಬಿಡಿಸಿಟ್ಟರು. 1955ರಲ್ಲಿ ಲೂಯಿ ರಾತ್ ಮತ್ತು ಎಡ್ವಿನ್ ವಿಲ್ಲಿಸ್ ಅದನ್ನು ತಕ್ಕಡಿಗೆ ಹಾಕಿದರು. ಇಬ್ಬರೂ ಅಮೆರಿಕದ ಸೈನ್ಯದ ಸಾಮಗ್ರಿ ಇಲಾಖೆಯ ಸಂಶೋಧಕರು. ದಾಸ್ತಾನಿಗೆ ಹುಳ ಹತ್ತದಂತೆ ನೋಡುವ ಇಲಾಖೆಯ ನೆರಳಿನಲ್ಲಿ ಕೂತು ಜಿರಳೆಯ ಬಾಣಂತನ ಅಭ್ಯಾಸ ಮಾಡಿದ ಇವರ ಮೇಲೆ ನನಗೆ ಬಹಳ ಪ್ರೀತಿ. ತೂಕದ ತರ್ಕ ಸರಳ. ಬುತ್ತಿ ತಿಂದು ಬೆಳೆಯುವ ಭ್ರೂಣದ ಒಣತೂಕ ಹುಟ್ಟುವ ಹೊತ್ತಿಗೆ ಮೊದಲಿಗಿಂತ ಇಳಿದಿರಬೇಕು, ತಿಂದದ್ದರಲ್ಲಿ ಒಂದು ಪಾಲು ಉರಿದುಹೋಗಿರುತ್ತದಲ್ಲ. ಬೇರೆ ಜಿರಳೆಗಳಲ್ಲಿ ಹಾಗೆಯೇ ಇಳಿದಿತ್ತು. ಡಿಪ್ಲಾಪ್ಟೆರಾದಲ್ಲಿ ಮಾತ್ರ ಒಣತೂಕ ಹತ್ತಾರು ಪಟ್ಟು ಏರಿತ್ತು. ಹೊರಗಿನಿಂದ ಊಟ ಬಾರದೆ ತೂಕ ಎಲ್ಲಿಂದ ಬಂದೀತು?

ಮುಂದಿನ ಕಥೆ ಬಾರ್ಬರಾ ಸ್ಟೇ ಅವರದು. ರಾತ್ ಜೊತೆ ಕೆಲಸ ಮಾಡಿ, ಆಮೇಲೆ ಅಯೋವಾ ವಿಶ್ವವಿದ್ಯಾಲಯ ಸೇರಿ, ದಶಕಗಟ್ಟಲೆ ಇದೇ ಒಂದು ಜಿರಳೆಯ ಹಿಂದೆ ಬಿದ್ದವರು. ಎಪ್ಪತ್ತರ ದಶಕದಲ್ಲಿ ಇವರೂ ಇವರ ಸಂಗಡಿಗರೂ ಹಾಲು ಸುರಿಸುವ ಜೀವಕೋಶಗಳನ್ನು ತೋರಿಸಿದರು, ಹಾಲನ್ನು ಕರೆದೂ ನೋಡಿದರು. ಕರೆಯುವ ಕ್ರಮ ಹೀಗೆ: ಮರಿಚೀಲದಿಂದ ಭ್ರೂಣಗಳನ್ನು ತೆಗೆದು, ಅವುಗಳ ಜಾಗದಲ್ಲಿ ಶೋಧಕ ಕಾಗದದ ಚೂರು ಇಡುವುದು. ಚೀಲ ತನ್ನ ಪಾಡಿಗೆ ಹಾಲು ಸುರಿಸುತ್ತದೆ, ಕಾಗದ ಹೀರಿಕೊಳ್ಳುತ್ತದೆ. ಕರು ಸತ್ತ ಆಕಳ ಮುಂದೆ ಹುಲ್ಲು ತುಂಬಿದ ಕರುವಿನ ಚರ್ಮ ಇಟ್ಟು ಹಾಲು ಕರೆಯುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡಿದವರಿಗೆ ಇದು ಹೊಸದೆನಿಸಲಾರದು.

1977ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಒಣಗಿಸಿದ ಈ ಹಾಲಿನಲ್ಲಿ ಪ್ರೋಟೀನು ಶೇ 45, ಸಕ್ಕರೆ ಪಿಷ್ಟದ ವರ್ಗ ಶೇ 25, ಬಿಡಿ ಅಮೈನೋ ಆಮ್ಲಗಳು ಶೇ 5, ಕೊಬ್ಬು ಶೇ 16ರಿಂದ 22. ಸೊಸೈಟಿಯವರ ಭಾಷೆಯಲ್ಲಿ ಫ್ಯಾಟ್ ನೋಡಿದರೆ ಇಲ್ಲಿ ಎಮ್ಮೆಯೇ ಗೆಲ್ಲುತ್ತದೆ. ನೀರು ತೆಗೆದ ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚುಕಡಿಮೆ ಶೇ 40. ಪ್ರೋಟೀನಿನಲ್ಲಿ ಮಾತ್ರ ಜಿರಳೆಯದು ಅದರ ಎರಡು ಪಟ್ಟು. ಮೈ ಕಟ್ಟಬೇಕಾದವರಿಗೆ ಪ್ರೋಟೀನು, ಚಳಿಯಲ್ಲಿ ಬೆಚ್ಚಗಿರಬೇಕಾದವರಿಗೆ ಕೊಬ್ಬು. ಬಿಸಿನಾಡಿನ ಕೀಟದ ಮರಿಗೆ ಮೈ ಬಿಸಿ ಕಾಯ್ದುಕೊಳ್ಳುವ ಖರ್ಚೇ ಇಲ್ಲ.

ಈ ಕಥೆ ಬೆಂಗಳೂರಿಗೆ ಬಂದದ್ದು ಹೇಗೆ? ಕುಡಿದ ಹಾಲು ಭ್ರೂಣದ ಹೊಟ್ಟೆ ಸೇರಿದ ಮೇಲೆ ಅದರಲ್ಲಿನ ಪ್ರೋಟೀನು ಹರಳುಗಟ್ಟುತ್ತದೆ. ಕರುಳನ್ನು ಸೀಳಿದರೆ ಹೊಳೆಯುವ ಸಣ್ಣ ಹರಳುಗಳು ಚೆಲ್ಲುತ್ತವೆ. ಪ್ರೋಟೀನಿನ ಅಣುರಚನೆ ತಿಳಿಯುವ ಹಳೆಯ ದಾರಿ ಅದನ್ನು ಹರಳುಗಟ್ಟಿಸಿ ಕ್ಷಕಿರಣ ಹಾಯಿಸುವುದು. ಆ ಹರಳು ಕಟ್ಟಿಸುವುದಕ್ಕೇ ಪ್ರಯೋಗಾಲಯಗಳಲ್ಲಿ ವರ್ಷಗಳು ಸವೆಯುತ್ತವೆ. ಇಲ್ಲಿ ಹುಟ್ಟದ ಮರಿಯ ಹೊಟ್ಟೆಯೇ ಆ ಕೆಲಸ ಮಾಡಿಟ್ಟಿತ್ತು. ಇಂಥ ಅಣುರಚನೆಗಳನ್ನು ಅಭ್ಯಾಸ ಮಾಡುವ ಸುಬ್ರಮಣಿಯನ್ ರಾಮಸ್ವಾಮಿ ಅಯೋವಾದಲ್ಲಿದ್ದಾಗ ಶುರುವಾದ ಕೆಲಸ ಅವರ ಜೊತೆ ಬೆಂಗಳೂರಿಗೆ ಬಂದು, ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಮುಂದುವರಿಯಿತು. ಸಂಚಾರಿ ಬ್ಯಾನರ್ಜಿ ಮೊದಲ ಲೇಖಕಿಯಾಗಿದ್ದ ಪ್ರಬಂಧ 2016ರಲ್ಲಿ ಪ್ರಕಟವಾಯಿತು. ಲೇಖಕರ ಪಟ್ಟಿಯಲ್ಲಿ ಬಾರ್ಬರಾ ಸ್ಟೇ ಅವರ ಹೆಸರೂ ಇತ್ತು. ಅವರು ಈ ಜಿರಳೆಯ ಮೇಲೆ ಕಣ್ಣಿಟ್ಟು ಆಗಲೇ ಸುಮಾರು ಅರವತ್ತು ವರ್ಷ.

ಆ ಪ್ರಬಂಧದ ನಿಜವಾದ ಬೆರಗು ಪತ್ರಿಕೆಗಳಲ್ಲಿ ಬರಲಿಲ್ಲ. ಆಲೆಮನೆ ನೋಡಿದವರಿಗೆ ಅದನ್ನು ಹೇಳುವುದು ಸುಲಭ. ಶುದ್ಧ ಸಕ್ಕರೆ ಪಾಕದಿಂದ ಕಲ್ಲುಸಕ್ಕರೆಯ ಹರಳು ಕಟ್ಟಬಹುದು. ಕಬ್ಬಿನ ಹಾಲು ಕಾಸಿದ ಪಾಕದಲ್ಲಿ ನೂರೆಂಟು ವಸ್ತು ಬೆರೆತಿರುವುದರಿಂದ ಅದು ಅಚ್ಚು ಬೆಲ್ಲವಾಗುತ್ತದೆಯೇ ಹೊರತು ಕಲ್ಲುಸಕ್ಕರೆಯಾಗುವುದಿಲ್ಲ. ಪ್ರೋಟೀನಿಗೂ ಇದೇ ನಿಯಮ, ಒಂದೇ ಬಗೆಯ ಅಣುಗಳಿದ್ದರೆ ಮಾತ್ರ ಹರಳು ಎಂದು ನಾವೆಲ್ಲ ಪಾಠ ಹೇಳಿದ್ದೆವು. ಜಿರಳೆಯ ಹಾಲಿನ ಪ್ರೋಟೀನೋ, ಥೇಟ್ ಬೆಲ್ಲದ ಪಾಕ. ಒಂದೇ ಹರಳಿನಲ್ಲಿ ಸ್ವಲ್ಪ ಸ್ವಲ್ಪ ಬೇರೆಯಾದ ಅಮೈನೋ ಆಮ್ಲ ಸರಣಿಗಳು, ಅವಕ್ಕೆ ಅಂಟಿದ ಬೇರೆ ಬೇರೆ ಸಕ್ಕರೆ ಸರಗಳು, ಅಣುವಿನ ಒಳಗೆ ಹಿಡಿದಿಟ್ಟುಕೊಂಡ ಬೇರೆ ಬೇರೆ ಕೊಬ್ಬಿನಾಮ್ಲಗಳು. ಇಷ್ಟಿದ್ದೂ ಹರಳು ಎಷ್ಟು ಅಚ್ಚುಕಟ್ಟು ಎಂದರೆ 1.2 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯವರೆಗೆ ಪರಮಾಣುಗಳನ್ನು ಗುರುತಿಸಬಹುದಾಯಿತು. ಒಂದು ಆಂಗ್‌ಸ್ಟ್ರಾಮ್ ಎಂದರೆ ಒಂದು ಮಿಲಿಮೀಟರಿನ ಕೋಟಿ ಪಾಲಿನಲ್ಲಿ ಒಂದು ಪಾಲು.

ಅಣುವಿನ ಆಕಾರ ಪುಟ್ಟ ಪೀಪಾಯಿಯಂತೆ, ಒಳಗೆ ಕೊಬ್ಬಿನಾಮ್ಲ ಇಡುವ ಜಾಗ. ಇಂಥ ಪ್ರೋಟೀನುಗಳ ಕುಟುಂಬಕ್ಕೆ ಲಿಪೊಕ್ಯಾಲಿನ್ ಎಂದು ಹೆಸರು. ಹಸು ಎಮ್ಮೆಯ ಹಾಲು ಒಡೆದಾಗ ಉಳಿಯುವ ತಿಳಿನೀರಿನಲ್ಲಿರುವ ಮುಖ್ಯ ಪ್ರೋಟೀನೂ ಇದೇ ಕುಟುಂಬದ್ದು. ಹಸುವಿನ ವಂಶವೂ ಜಿರಳೆಯ ವಂಶವೂ ಕವಲೊಡೆದದ್ದು ಹಾಲು ಎಂಬುದು ಇಲ್ಲದ ಕಾಲದಲ್ಲಿ. ಎರಡೂ ಬೇರೆಬೇರೆಯಾಗಿ ಹಾಲು ಮಾಡಲು ಹೊರಟಾಗ ಮನೆಯಲ್ಲಿದ್ದ ಒಂದೇ ಬಗೆಯ ಪಾತ್ರೆಯನ್ನು ಎತ್ತಿಕೊಂಡಿವೆ. ನನಗೆ ಇದು ಮೂರು ಪಟ್ಟು ಶಕ್ತಿಯ ಮಾತಿಗಿಂತ ಎಷ್ಟೋ ದೊಡ್ಡ ಸುದ್ದಿ.

ಆ ಮೂರು ಪಟ್ಟಿನ ಲೆಕ್ಕವನ್ನೂ ಬಿಡಿಸಿಬಿಡೋಣ. ಹೋಲಿಸಿದ್ದು ಹರಳನ್ನು, ಅದೇ ತೂಕದ ಹಾಲಿನ ಜೊತೆ. 100 ಗ್ರಾಂ ಎಮ್ಮೆ ಹಾಲಿನಲ್ಲಿ 80 ಗ್ರಾಮಿಗಿಂತ ಹೆಚ್ಚು ನೀರೇ ಇದೆ, ಶಕ್ತಿ ಸುಮಾರು 100 ಕಿಲೋಕ್ಯಾಲರಿ. ಕೆನೆ ತೆಗೆಯದ ಹಾಲಿನ ಪುಡಿ 100 ಗ್ರಾಮಿಗೆ ಸುಮಾರು 500. ಹಾಗೆ ನೋಡಿದರೆ ಅಂಗಡಿಯಲ್ಲಿ ಸಿಗುವ ಹಾಲಿನ ಪುಡಿ ಎಮ್ಮೆ ಹಾಲಿಗಿಂತ ಐದು ಪಟ್ಟು ಶಕ್ತಿಯದ್ದು! ಗಟ್ಟಿಯನ್ನು ನೀರಿನ ಜೊತೆ ತೂಗಿದರೆ ಗಟ್ಟಿಯೇ ಗೆಲ್ಲಬೇಕಲ್ಲ. ವಿಜ್ಞಾನಿಗಳು ಸುಳ್ಳು ಹೇಳಲಿಲ್ಲ, ನಾವು ಓದುವವರು ತಕ್ಕಡಿ ನೋಡಲಿಲ್ಲ. ಮೇಲಾಗಿ ಹರಳು ಸಿಗಬೇಕಾದರೆ ತಾಯಿಯನ್ನು ಕೊಯ್ದು ಭ್ರೂಣವನ್ನೂ ಕೊಯ್ಯಬೇಕು. ಪ್ರೋಟೀನಿನ ಜೀನನ್ನು ಯೀಸ್ಟಿನಲ್ಲಿ ಇಟ್ಟು ತಯಾರಿಸುವ ಮಾತು ಆಗ ಕೇಳಿಬಂತು. ಮನುಷ್ಯರ ಹೊಟ್ಟೆಗೆ ಅದು ಹಿಡಿಸುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವ ಮೊದಲೇ ಅದಕ್ಕೆ ಮಹಾಆಹಾರ ಎಂಬ ಪಟ್ಟ ಕಟ್ಟಿಯಾಗಿತ್ತು.

ಹರಳು ಮರಿಗೆ ಯಾಕೆ ಬೇಕು ಎಂಬುದು ಹೆಚ್ಚು ರುಚಿಯಾದ ಪ್ರಶ್ನೆ. ಅಷ್ಟು ಪ್ರೋಟೀನನ್ನು ಕರಗಿದ ರೂಪದಲ್ಲೇ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಜಾಗ ಸಾಲದು, ಸುತ್ತಲಿನ ನೀರನ್ನೆಲ್ಲ ಅದು ಎಳೆದುಕೊಳ್ಳಲು ನೋಡುತ್ತದೆ. ಹರಳಾದರೆ ಅಡಕವಾಗಿ ಕೂರುತ್ತದೆ. ಬಳಸಿದಷ್ಟು ಕರಗುತ್ತದೆ, ಕರಗಿದಷ್ಟೇ ಜೀರ್ಣವಾಗುತ್ತದೆ. ಮಳೆಗಾಲಕ್ಕೆಂದು ಅಟ್ಟದ ಮೇಲೆ ಒಣಗಿಸಿ ಇಟ್ಟ ಹಪ್ಪಳ ಸಂಡಿಗೆಯ ಲೆಕ್ಕ ಎಂದುಕೊಳ್ಳಿ. ಮೇಲಿಂದ ತಾಯಿ ಸುರಿಸುತ್ತಿರುತ್ತಾಳೆ, ಮರಿ ತುಂಬಿಡುತ್ತಿರುತ್ತದೆ.

ಈಗ ತಾಯಿಯ ಖಾತೆ ತೆರೆಯೋಣ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ, ಮುದ್ದಿಗೆ ಖರ್ಚು ಎಷ್ಟು ಎಂದು ಕೇಳುವುದಿಲ್ಲ. ಡಿಪ್ಲಾಪ್ಟೆರಾ ಎರಡು ತಿಂಗಳಿಗೂ ಹೆಚ್ಚು ಕಾಲ ಬಸಿರು ಹೊರುತ್ತದೆ. ಅಷ್ಟರಲ್ಲಿ ಬಚ್ಚಲಿನ ಜಿರಳೆ ಡಬ್ಬಿಯ ಮೇಲೆ ಡಬ್ಬಿ ಅಂಟಿಸಿರುತ್ತದೆ. ಡಿಪ್ಲಾಪ್ಟೆರಾಕ್ಕೆ ಸಿಗುವುದು ಹನ್ನೆರಡು ಮರಿ. ಆದರೆ ಆ ಮರಿ ಅರ್ಧ ಬೆಳೆದೇ ಹುಟ್ಟುತ್ತದೆ. ದೊಡ್ಡ ಕೆಂಪು ಜಿರಳೆಯ ಮರಿ ದೊಡ್ಡದಾಗಲು ಹತ್ತಕ್ಕೂ ಹೆಚ್ಚು ಬಾರಿ ಪೊರೆ ಕಳಚಬೇಕಾಗಬಹುದು. ಇದರ ಗಂಡುಮರಿಗೆ ಮೂರೋ ನಾಲ್ಕೋ ಸಾಕು, ಹೆಣ್ಣಿಗೆ ಸಾಮಾನ್ಯವಾಗಿ ನಾಲ್ಕು. ಪೊರೆ ಕಳಚಿದ ಗಳಿಗೆ ಕೀಟದ ಬಾಳಿನಲ್ಲಿ ಅತ್ಯಂತ ಅಪಾಯದ್ದು. ಮೈ ಬೆಣ್ಣೆಯಷ್ಟು ಮೆತ್ತಗೆ, ಓಡಲು ಆಗದು, ಇರುವೆ ಬಂದರೆ ಮುಗಿಯಿತು. ಅಂಥ ಏಳೆಂಟು ಗಂಡಾಂತರಗಳನ್ನು ತಾಯಿ ತನ್ನ ಹೊಟ್ಟೆಯೊಳಗೇ ಕಳೆದುಕೊಟ್ಟಂತೆ ಆಯಿತು. 2004ರಲ್ಲಿ ಹೋಲ್‌ಬ್ರುಕ್ ಮತ್ತು ಶಾಲ್ ಎಂಬ ಸಂಶೋಧಕರು ಇದೇ ಲೆಕ್ಕವನ್ನು ಕೆದಕಿದರು. ತಾಯಿಯ ಹೊಟ್ಟೆಯಲ್ಲಿ ಪಾಲು ಹೆಚ್ಚು ಸಿಕ್ಕ ಗಂಡುಮರಿ ದೊಡ್ಡದಾಗಿ ಹುಟ್ಟಿ, ನಾಲ್ಕರ ಬದಲು ಮೂರೇ ಪೊರೆಯಲ್ಲಿ ಬೆಳೆದುನಿಲ್ಲುವ ಸಂಭವ ಹೆಚ್ಚು. ಒಡಹುಟ್ಟಿದವರ ಜೊತೆ ಬೆಳೆದ ಮರಿ ಒಂಟಿಯಾಗಿ ಬೆಳೆದದ್ದಕ್ಕಿಂತ ಬೇಗ ದೊಡ್ಡದಾಗುತ್ತದೆ ಎಂದೂ ಅವರು ಅದಕ್ಕೆ ಮೊದಲೇ ಕಂಡಿದ್ದರು.

ಗಂಡಿಗೂ ಆತುರ ಯಾಕೆ ಎಂದು ಕೇಳಬಹುದು. ಇಲ್ಲಿ ಹೆಣ್ಣು ಕೊನೆಯ ಪೊರೆ ಕಳಚಿ, ಇನ್ನೂ ಬೆಳ್ಳಗೆ ಮೆತ್ತಗೆ ಇರುವಾಗಲೇ ಕೂಡಿಕೆ ನಡೆದುಬಿಡುತ್ತದೆ. ಗಂಡು ಆ ಗಳಿಗೆಗೆ ಹತ್ತಿರದಲ್ಲೇ ಕಾದಿರುತ್ತದೆ. ಬೇಗ ಬೆಳೆದ ಗಂಡಿಗೆ ಆ ಸರದಿಯಲ್ಲಿ ಮುಂದಿನ ಜಾಗ.

ಹಾಲು ಕೊಡುವ ಮೈ ಅದೇ ಹೊತ್ತಿಗೆ ಹೊಸ ಮೊಟ್ಟೆಗಳಿಗೆ ಬುತ್ತಿ ಕಟ್ಟಲು ಹೋದರೆ ಎರಡೂ ಕೆಡುತ್ತವೆ. ಅದಕ್ಕೊಂದು ಬೀಗ ಇದೆ. ಮಿದುಳಿನ ಹಿಂದೆ ಇರುವ ಎರಡು ಪುಟ್ಟ ಗ್ರಂಥಿಗಳು ಜುವೆನೈಲ್ ಹಾರ್ಮೋನು ಸುರಿಸಿದಾಗ ಮೊಟ್ಟೆಗಳು ಬಲಿಯುತ್ತವೆ. ಬಸಿರಿನಲ್ಲಿ ಈ ಗ್ರಂಥಿಗಳು ಹೆಚ್ಚುಕಡಿಮೆ ಸುಮ್ಮನಾಗುತ್ತವೆ. ಏರಿಳಿತ ಇಷ್ಟು ಸ್ಪಷ್ಟವಾಗಿರುವುದರಿಂದಲೇ ಹಾರ್ಮೋನು ಅಭ್ಯಾಸ ಮಾಡುವವರಿಗೆ ಈ ಜಿರಳೆ ಅಚ್ಚುಮೆಚ್ಚು. ಅಯೋವಾದ ಸ್ಟೇ, ಟೊರಾಂಟೊದ ಸ್ಟೀಫನ್ ಟೋಬ್ ಮತ್ತು ಸಂಗಡಿಗರು 1989ರಲ್ಲಿ ಇದರ ಮಿದುಳಿನಿಂದ, ಆ ಗ್ರಂಥಿಗಳ ಬಾಯಿ ಮುಚ್ಚಿಸುವ ನಾಲ್ಕು ಪುಟ್ಟ ಪೆಪ್ಟೈಡುಗಳನ್ನು ಬೇರ್ಪಡಿಸಿ ಅಲಾಟೊಸ್ಟ್ಯಾಟಿನ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಮುಂದೆ ಆ ಬಗೆಯ ಪೆಪ್ಟೈಡುಗಳು ಬೇರೆ ಅನೇಕ ಕೀಟಗಳಲ್ಲೂ ಸಿಕ್ಕವು. ಹಾಲಿನ ಸುದ್ದಿಗಿಂತ ಇಪ್ಪತ್ತೇಳು ವರ್ಷ ಮೊದಲೇ ಈ ಜಿರಳೆ ಕೀಟವಿಜ್ಞಾನದಲ್ಲಿ ಹೆಸರು ಮಾಡಿತ್ತು. ಆದರೆ ಪೆಪ್ಟೈಡನ್ನು ಕುಡಿಯಲಾಗುವುದಿಲ್ಲವಲ್ಲ, ಪತ್ರಿಕೆಗಳಿಗೆ ಅದು ಬೇಕಾಗಲಿಲ್ಲ.

ಕಾಡಿನಲ್ಲಿ ಅದರ ಊಟ ತರಗೆಲೆ, ಬಿದ್ದ ಹಣ್ಣು, ತೊಗಟೆ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಹಾಕುವ ಒಣ ಬಿಲ್ಲೆ, ಒಂದಿಷ್ಟು ನೀರು ಸಾಕು. ಈ ತೊಗಟೆಯ ರುಚಿಯಿಂದ ಹವಾಯಿಯಲ್ಲಿ ಅದಕ್ಕೆ ಕೆಟ್ಟ ಹೆಸರು ಬಂತು. ಅಲ್ಲಿಗೆ ಹೊರಗಿನಿಂದ ತಂದು ನೆಟ್ಟ ಸೈಪ್ರೆಸ್ ಮರಗಳ, ಜಪಾನಿನ ದೇವದಾರುಗಳ ತೊಗಟೆಯನ್ನು ಸುತ್ತಲೂ ಕೆರೆದು ತಿಂದು ಕೊಂಬೆ ಒಣಗಿಸಿತು. ಹೊರಗಿನಿಂದ ತಂದ ಮರ, ಹೊರಗಿನಿಂದ ಬಂದ ಹುಳ, ನಡುವೆ ಜಗಳ. ಇಬ್ಬರನ್ನೂ ಅಲ್ಲಿಗೆ ಮುಟ್ಟಿಸಿದ್ದು ಮನುಷ್ಯರ ಓಡಾಟವೇ.

ಹಾಲೂಡುವ ಕೀಟ ಇದೊಂದೇ ಏನಲ್ಲ. ಆಫ್ರಿಕದ ತ್ಸೆತ್ಸೆ ನೊಣ ಒಂದು ಸಲಕ್ಕೆ ಒಂದೇ ಮರಿಹುಳವನ್ನು ಹೊಟ್ಟೆಯಲ್ಲಿ ಹಾಲೂಡಿ ಬೆಳೆಸಿ ಹೆರುತ್ತದೆ. ನಿದ್ರಾರೋಗ ಹರಡುವ ನೊಣ ಅದು. ಜಿರಳೆಗಳ ಪೈಕಿ ಹೀಗೆ ಹಾಲೂಡಿ ಹೆರುವುದು ಡಿಪ್ಲಾಪ್ಟೆರಾ ಒಂದೇ ಎಂದು ಪಾಠಪುಸ್ತಕ ಹೇಳುತ್ತದೆ. 2023ರಲ್ಲಿ ಇದರ ಜೀನೋಮು ಪ್ರಕಟವಾದಾಗ ಸಂಶೋಧಕರು ಅದನ್ನು ಇತರ ಹೆರುವ ಪ್ರಾಣಿಗಳ ಪಕ್ಕದಲ್ಲಿಟ್ಟು ನೋಡಿದರು. ಬೇರೆ ಬೇರೆ ದಾರಿಯಲ್ಲಿ ಬಸಿರಿಗೆ ಬಂದವುಗಳ ನಡುವೆ ಜೀನುಗಳ ಮಟ್ಟದಲ್ಲೂ ಹೋಲಿಕೆಗಳು ಕಂಡವು.

ಗಂಟೆ ನೋಡಿ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಾರೆ. ಹೆರಿಗೆಯೊಂದನ್ನು ಹೇಳಿ ಮುಗಿಸುತ್ತೇನೆ. ದಿನ ತುಂಬಿದ ತಾಯಿಯ ಹಾಲು ಬತ್ತಿದೆ, ಹೊಟ್ಟೆ ಹಿಗ್ಗಿ ಓಡುರೆಕ್ಕೆಯ ಅಂಚು ದಾಟಿದೆ. ಬಾಲದ ತುದಿ ತೆರೆದುಕೊಂಡು ಬೆಳ್ಳನೆಯ ಮರಿಗಳು ಒಂದಕ್ಕೊಂದು ಅಂಟಿದಂತೆ ಹೊರಬರುತ್ತವೆ. ಮೈಗೆ ಅಂಟಿದ ಕೊನೆಯ ತೆಳುಪೊರೆ ಅಲ್ಲೇ ಕಳಚಿ ಬೀಳುತ್ತದೆ. ಮೀಸೆ ಬಿಡಿಸಿಕೊಂಡು, ಕಾಲು ಊರಿ, ಕಣ್ಣ ಮುಂದೆಯೇ ಅವು ಉಬ್ಬುತ್ತವೆ. ಕೆಲವು ಗಂಟೆಗಳಲ್ಲಿ ಬಿಳುಪು ಹೋಗಿ ಕಂದು ಏರುತ್ತದೆ. ತಾಯಿಯ ಬಳಿ ಇನ್ನು ಅವಕ್ಕೆ ಏನೂ ಬಾಕಿ ಇಲ್ಲ. ಅವು ಹತ್ತಿರದ ಕತ್ತಲು ಹುಡುಕಿಕೊಂಡು ತೊಗಟೆಯ ಸಂದಿಗೆ ಸೇರುತ್ತವೆ. ಆಕೆಯ ಹೊಟ್ಟೆ ಚಪ್ಪಟೆಯಾಗಿದೆ. ಮಿದುಳಿನ ಹಿಂದಿನ ಗ್ರಂಥಿಗಳ ಬೀಗ ತೆರೆದಿದೆ, ಹಾರ್ಮೋನು ರಕ್ತಕ್ಕೆ ಇಳಿಯತೊಡಗಿದೆ, ಅಂಡಾಶಯದಲ್ಲಿ ಮುಂದಿನ ಹನ್ನೆರಡು ಸಣ್ಣ ಮೊಟ್ಟೆಗಳು ಬಲಿಯತೊಡಗಿವೆ.

ಊಟಕ್ಕೆ ಪಾಯಸ ಇದೆಯಂತೆ. ಹಾಲು ಎಮ್ಮೆಯದೇ, ವಿಚಾರಿಸಿದ್ದೇನೆ.